ಗೋಣಿಯಪ್ಪ ಯಾರು

ಕೃಷ್ಣರಾಜಪೇಟೆಯ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜು, ಸತ್ತವರ ಫೋಟೋಗೆ ಕಟ್ಟು, ಏನು ಬೇಕಾದರೂ ಕೆಂಪಣ್ಣನ ಹತ್ತಿರ ಬನ್ನಿ. ಮುಂದಿನ ಕೌಂಟರಿನಲ್ಲಿ ನಾನು ಕೂರುತ್ತೇನೆ, ಹಿಂದಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ನಾಗಾರ್ಜುನ ಕೂರುತ್ತಾನೆ. ಮದುವೆ ಆಲ್ಬಮ್ಮಿನಲ್ಲಿ ನಿಮ್ಮ ಮೊಡವೆ, ಕಲೆ, ಕಣ್ಣ ಕೆಳಗಿನ ಕರಿ ಎಲ್ಲ ಮಾಯವಾಗಿದ್ದರೆ ಅದು ಅವನ ಕೈಕೆಲಸ. ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಜನ ಅವನನ್ನು ನೋಡಿಯೇ ಇಲ್ಲ. ಯಾರೂ ನೋಡಬಾರದೆಂದೇ ಅವನು ಆ ಕೋಣೆ ಆರಿಸಿಕೊಂಡದ್ದು.

ಅವನು ಪಾಂಡವಪುರ ತಾಲ್ಲೂಕಿನ ಚಿನಕುರಳಿಯವನು. ಹತ್ತೊಂಬತ್ತು ವರ್ಷದವನಿದ್ದಾಗ ಊರಾಚೆಯ ಆಲೆಮನೆಗೆ ಕೂಲಿಗೆ ಹೋಗುತ್ತಿದ್ದ. ಕೊಪ್ಪರಿಗೆಯಿಂದ ಬೆಲ್ಲದ ಪಾಕ ಇಳಿಸುವಾಗ ಕಾಲು ಜಾರಿತು. ಎಡಗೆನ್ನೆಯಿಂದ ಕತ್ತಿನ ತನಕ ಬೆಂದ ಚರ್ಮ, ವಾಸಿಯಾಗುತ್ತಾ ಸುಕ್ಕುಗಟ್ಟಿ ಎಳೆದುಕೊಂಡಿತು. ಎಡಗಣ್ಣಿನ ರೆಪ್ಪೆ ಈಗಲೂ ಪೂರ್ತಿ ಮುಚ್ಚುವುದಿಲ್ಲ. ನಡೆದದ್ದು ಇಷ್ಟೇ. ಆದರೆ ನಮ್ಮ ಜನಕ್ಕೆ ಕಾಲು ಜಾರಿದ್ದು ಸಾಲದು. ಹುಡುಗಿ ವಿಚಾರಕ್ಕೆ ಯಾರೋ ಆಸಿಡ್ ಎರಚಿದರು ಅಂದರು, ಕುಡಿದು ಒಲೆಗೆ ಬಿದ್ದ ಅಂದರು, ಯಾರದೋ ಹುಲ್ಲಿನ ಮೆದೆಗೆ ಬೆಂಕಿಯಿಡಲು ಹೋಗಿ ತಾನೇ ಸುಟ್ಟುಕೊಂಡ ಅಂದವರೂ ಉಂಟು. ಮಡಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗದು.

ಅವನು ತನ್ನ ಮುಖವನ್ನೇ ಮುಚ್ಚಿದ. ಟೂ ವೀಲರಿನಲ್ಲಿ ಹೆಲ್ಮೆಟ್ ಹಾಕಿಕೊಂಡು ಬರುತ್ತಾನೆ. ಪೊಲೀಸರ ಭಯವಿಲ್ಲದೆ ಹೆಲ್ಮೆಟ್ ಹಾಕುವ ಗಂಡಸು ನಮ್ಮ ಕಡೆ ಇವನೊಬ್ಬನೇ ಇರಬೇಕು. ಇಳಿದ ಮೇಲೆ ಟವಲು ಸುತ್ತಿಕೊಳ್ಳುತ್ತಾನೆ. ಕೊರೊನಾ ಬಂದು ಊರಿಗೆ ಊರೇ ಮುಖ ಮುಚ್ಚಿಕೊಂಡಾಗ ನಾವೆಲ್ಲ ಉಸಿರು ಕಟ್ಟಿ ಸಾಯುತ್ತಿದ್ದೆವು, ಅವನೊಬ್ಬ ಮಾತ್ರ ಬಸ್ ಸ್ಟ್ಯಾಂಡಿನ ಹೋಟೆಲಿನ ಮುಂದೆ ನಿಂತು ಆರಾಮಾಗಿ ಜನ ನೋಡುತ್ತಿದ್ದ. 

ಆಟದ ಹುಚ್ಚು ಹಿಡಿದದ್ದು ಅದೇ ಕಾಲದಲ್ಲಿ. ಮದುವೆ ವಿಡಿಯೋ ಮಾಡಲೆಂದು ನಾನು ತಂದ ಒಳ್ಳೆಯ ಕಂಪ್ಯೂಟರಿನಲ್ಲಿ ಅವನು ದೆವ್ವದ ಗೇಮು ಆಡತೊಡಗಿದ. ಇಪ್ಪತ್ತೇಳು ವರ್ಷದ ಗಂಡಸಿಗೆ ಬೇರೆ ಕಸುಬಿಲ್ಲವೇ ಎಂದು ನಾನು ಬೈದೆ. ಆಲ್ಬಮ್ಮಿನ ಕೆಲಸ ಒಂದು ದಿನವೂ ತಡವಾಗಲಿಲ್ಲವಾದ್ದರಿಂದ ಬೈಗುಳಕ್ಕೆ ಬೇರು ಸಿಗಲಿಲ್ಲ.

ಆ ಗೇಮಿಗೆ ಇಂಗ್ಲಿಷಿನಲ್ಲಿ ಏನೋ ಉದ್ದನೆಯ ಹೆಸರು. ಸುಟ್ಟುಹೋದ ಒಂದು ಹಳೇ ಹಾಸ್ಟೆಲು, ಒಳಗೆ ಸಿಕ್ಕಿಕೊಂಡ ಒಂದು ಹುಡುಗಿ, ಅವಳನ್ನು ಅಟ್ಟಿಸಿಕೊಂಡು ಬರುವ ಒಬ್ಬ ಎತ್ತರದ ಮನುಷ್ಯ. ಅವನ ತಲೆ ಮೇಲೆ ಗೋಣಿಚೀಲ. ಚೀಲದ ಅಂಚಿನಿಂದ ಏನೋ ತೊಟ್ಟಿಕ್ಕುತ್ತಿರುತ್ತದೆ. ಮಾತಿಲ್ಲ. ಸಿಕ್ಕಿಬಿದ್ದರೆ ತೆರೆ ಕಪ್ಪಾಗುತ್ತದೆ, ಹುಡುಗಿ ಮತ್ತೆ ಗೇಟಿನ ಹತ್ತಿರ ನಿಂತಿರುತ್ತಾಳೆ, ಆಟ ಮೊದಲಿನಿಂದ ಶುರು. ನಮ್ಮ ಕಡೆಯ ಹುಡುಗರು ಅವನಿಗೆ ಗೋಣಿಯಪ್ಪ ಅಂತ ಹೆಸರಿಟ್ಟರು. ಗೋಣಿಯೊಳಗೆ ಯಾರಿದ್ದಾನೆ ಎನ್ನುವುದೇ ಎಲ್ಲರ ತಲೆನೋವು. ಹಾಸ್ಟೆಲಿಗೆ ಬೆಂಕಿಯಿಟ್ಟ ವಾರ್ಡನ್ನು ಅನ್ನುವುದು ಒಂದು ಗುಂಪು. ಹುಡುಗಿಯ ಅಪ್ಪನೇ ಅನ್ನುವುದು ಇನ್ನೊಂದು. ಒಳಗೆ ಯಾರೂ ಇಲ್ಲ, ಬರೀ ಚೀಲ ಅನ್ನುವ ವೇದಾಂತಿಗಳೂ ಇದ್ದರು. ಯೂಟ್ಯೂಬಿನಲ್ಲಿ ಈ ವಾದಗಳಿಗೆಂದೇ ಚಾನೆಲುಗಳಿದ್ದವು. ನಾಗಾರ್ಜುನನೂ ಕನ್ನಡದಲ್ಲಿ ಒಂದು ಶುರು ಮಾಡಿದ. ಅಲ್ಲಿ ಆಟದ ಚಿತ್ರ ಮಾತ್ರ ಕಾಣುತ್ತದೆ, ಜೊತೆಗೆ ಅವನ ದನಿ. ಆ ದನಿಯ ಬಗ್ಗೆ ಒಂದು ಮಾತು ಹೇಳಲೇಬೇಕು: ಬೆಂಕಿ ಅದನ್ನು ಮುಟ್ಟಿರಲಿಲ್ಲ. ನಾಗಮಂಗಲದಿಂದ ಫೋಟೋ ತೆಗೆಸಲು ಬಂದ ಹುಡುಗರು ಕೌಂಟರಿನ ಮುಂದೆ ಆ ದನಿಯನ್ನು ಹೊಗಳುತ್ತಿದ್ದರು. ಗೋಡೆಯಾಚೆ ಕೂತವನಿಗೆ ಅದು ಕೇಳಿಸುತ್ತಿತ್ತು.

ಅವನು ಕಟ್ಟಿದ ವಾದ ಬೇರೆಯೇ. ಗೋಣಿಯಪ್ಪ ಕೊಲೆಗಾರನಲ್ಲ, ಮಕ್ಕಳನ್ನು ಹೊರಗೆ ತರಲು ಹೋದವನು. ಆಲೆಮನೆಯಲ್ಲಿ ಒಲೆಯ ಬಳಿ ಯಾವಾಗಲೂ ಒಂದು ಒದ್ದೆ ಗೋಣಿಚೀಲ ಇಟ್ಟಿರುತ್ತಾರೆ. ಒಣಗಿದ ಕಬ್ಬಿನ ಸಿಪ್ಪೆಗೆ ಬೆಂಕಿ ತಗುಲಿದರೆ ಅದನ್ನು ತಲೆ ಮೇಲೆ ಹಾಕಿಕೊಂಡು ನುಗ್ಗುವುದು ರೂಢಿ. ತೊಟ್ಟಿಕ್ಕುವುದು ರಕ್ತವಲ್ಲ, ನೀರು ಅಂದ. ಅವನ ಕೈಗೆ ಸಿಕ್ಕ ಹುಡುಗಿ ಸಾಯುವುದಿಲ್ಲ, ಗೇಟಿನ ಹೊರಗೆ ನಿಂತಿರುತ್ತಾಳೆ. ಅದನ್ನು ಎಲ್ಲರೂ ಸೋಲು ಅಂದುಕೊಂಡಿದ್ದಾರೆ ಅಂದ. ಇನ್ನೊಂದು ಮಾತು ಅವನು ವಿಡಿಯೋದಲ್ಲಿ ಹೇಳಿದ್ದು ನನಗೆ ಬಾಯಿಪಾಠವಾಗಿದೆ. "ಅವನು ಬರುವ ಮುಂಚೆ ಕೋಣೆಯಲ್ಲಿ ಹೊಗೆ ಕಾಣಿಸುತ್ತೆ. ಹೊಗೆ ಅವನ ಜೊತೆ ಬರುತ್ತೆ ಅಂತ ಎಲ್ಲರೂ ಹೇಳ್ತಾರೆ. ನಾನು ಹೇಳೋದು, ಅವನು ಹೊಗೆ ನೋಡಿ ಬರ್ತಾನೆ."

ಅಂದು ನಾನು ಬೈಯುವುದನ್ನು ನಿಲ್ಲಿಸಿದೆ. ಅವನು ಯಾರನ್ನೋ ಉಳಿಸಲು ಹೋಗಿ ಸುಟ್ಟುಕೊಂಡವನಲ್ಲ, ಕಾಲು ಜಾರಿದವನು. ಆದರೆ ಸುಟ್ಟ ಒಂದು ಮುಖಕ್ಕೆ, ಎಲ್ಲಾದರೂ ಸರಿ, ಒಂದು ಒಳ್ಳೆಯ ಕಾರಣ ಇರಲಿ ಎಂದು ಅವನ ಜೀವ ಬಯಸುತ್ತಿತ್ತು. ನನಗೆ ಅಷ್ಟು ಅರ್ಥವಾಯಿತು.

ಈ ಕಥೆಯನ್ನು ಅವನು ಇನ್ನೊಬ್ಬರಿಗೂ ಹೇಳುತ್ತಿದ್ದ. ಅವನ ಅಕ್ಕ ಸಹನಳನ್ನು ಶ್ರೀರಂಗಪಟ್ಟಣದ ಪಕ್ಕದ ಬಾಬುರಾಯನಕೊಪ್ಪಲಿಗೆ ಕೊಟ್ಟಿದೆ. ಅವಳ ಮಗಳು ಧನುಶ್ರೀ. ದಿನಾ ಸಂಜೆ ಫೋನು ಮಾಡಿ ಆ ಮಗುವಿಗೆ ಗೋಣಿಯಪ್ಪನ ಕಥೆ ಹೇಳುವುದು ಅವನ ಪೂಜೆ. ಒದ್ದೆ ಗೋಣಿ ಹೊದ್ದು ಬಂದು ಮಕ್ಕಳನ್ನು ಎತ್ತಿಕೊಂಡು ಹೋಗಿ ಗೇಟಿನಾಚೆ ಬಿಡುವ ಗೋಣಿಯಪ್ಪ. ವಿಡಿಯೋ ಕಾಲ್ ಮಾತ್ರ ಎಂದೂ ಮಾಡಿದವನಲ್ಲ. ಮಗು ಅವನನ್ನು ಫೋನ್ ಮಾವ ಅನ್ನುತ್ತಿತ್ತು.

ಅದಕ್ಕೆ ಕಾರಣವಿತ್ತು. ನಮ್ಮಲ್ಲಿ ಮಗುವಿನ ಕಿವಿ ಚುಚ್ಚುವುದು ಸೋದರಮಾವನ ತೊಡೆ ಮೇಲೆ. ಓಲೆ ತರಬೇಕಾದವನೂ ಅವನೇ. ಧನುಶ್ರೀಗೆ ಒಂದು ವರ್ಷ ತುಂಬುವ ಮುಂಚೆ ಇಟ್ಟುಕೊಂಡಿದ್ದ ಶಾಸ್ತ್ರದಲ್ಲಿ, ನಾಗಾರ್ಜುನ ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡಾಗ ಟವಲು ಜಾರಿತು. ಮಗು ಅವನ ಮುಖ ನೋಡಿ ಕಿಟಾರನೆ ಕಿರುಚಿ ಉಸಿರು ಕಟ್ಟಿಕೊಂಡಿತು. ಚುಚ್ಚಲು ಬಂದಿದ್ದ ಆಚಾರಿ ಸೂಜಿ ಕೆಳಗಿಟ್ಟ. ಚುಚ್ಚುವುದು ಬೆಸ ವರ್ಷದಲ್ಲೇ ಆಗಬೇಕು ಎನ್ನುವ ಮನೆ ಅದು. ಮೂರನೆಯ ವರ್ಷದಲ್ಲಿ ಸಹನಳ ಮಾವ ತೀರಿಕೊಂಡು ಶುಭಕಾರ್ಯ ನಿಂತಿತು. ಈಗ ಮಗುವಿಗೆ ಐದನೆಯ ವರ್ಷ. ಇಷ್ಟು ವರ್ಷವೂ ನಾಗಾರ್ಜುನ ಆ ಮನೆಯ ಹೊಸಿಲು ತುಳಿದಿರಲಿಲ್ಲ. ಆದರೆ ಈ ಸಲ ಮಗುವಿಗೆ ತನ್ನ ದನಿ ಗೊತ್ತು ಎಂದು ಅವನಿಗೊಂದು ಧೈರ್ಯ. ಪುಟ್ಟ ಓಲೆ ಮಾಡಿಸಿ ತಂದು ನನಗೆ ತೋರಿಸಿದ. ಅಷ್ಟು ಬೆಳಕು ಅವನ ಕಣ್ಣಲ್ಲಿ ನಾನು ಅದುವರೆಗೆ ಕಂಡಿರಲಿಲ್ಲ.

ಶಾಸ್ತ್ರಕ್ಕೆ ಒಂದು ವಾರವಿರುವಾಗ ಸಹನಳ ಅತ್ತೆ ಮಾಯಮ್ಮನಿಂದ ಮಾತು ಬಂತು. ನಾಗಾರ್ಜುನ ಬರಲಿ, ಓಲೆ ಕೊಡಲಿ, ಉಂಡು ಹೋಗಲಿ. ತೊಡೆ ಮೇಲೆ ಕೂರಿಸಿಕೊಳ್ಳುವುದಕ್ಕೆ ಅವನ ಚಿಕ್ಕಪ್ಪನ ಮಗ ಪುಟ್ಟರಾಜು ಆಗಬಹುದು, ಅವನೂ ಸೋದರಮಾವನೇ ತಾನೇ. ಮಾಯಮ್ಮ ಕೆಟ್ಟವಳಲ್ಲ, ಮಗು ಮತ್ತೆ ಹೆದರಿ ಏನಾದರೂ ಆದೀತೆಂಬ ದಿಗಿಲು ಆಕೆಯದು. ನಾಗಾರ್ಜುನ ಫೋನಿನಲ್ಲಿ ಆಗಲಿ ಅಂದ. ನನಗೆ ಮೈ ಉರಿಯಿತು.

ಗಾಯದ ಮೇಲೆ ಬರೆ ಅನ್ನುವಂತೆ ಅದೇ ವಾರ ಆ ಗೇಮಿನ ಎರಡನೇ ಭಾಗ ಬಂತು. ಕೊನೆಯಲ್ಲಿ ಗೋಣಿ ತೆಗೆದು ತೋರಿಸುತ್ತಾರೆ. ಒಳಗಿದ್ದವನು ವಾರ್ಡನ್. ಮಕ್ಕಳನ್ನು ಕೂಡಿಹಾಕಿ ಬೆಂಕಿಯಿಟ್ಟವನು ಅವನೇ. ಸುಟ್ಟ ಮುಖವನ್ನು ತೆರೆ ತುಂಬ ಹಿಗ್ಗಿಸಿ ತೋರಿಸಿದರು, ಆಡುವವರು ಬೆಚ್ಚಿಬೀಳಲಿ ಅಂತ. ಚಾನೆಲಿನ ಕೆಳಗೆ ಬೈಗುಳ ಸುರಿಯಿತು. ಕೊಲೆಗಾರನ ಲಾಯರ್ರು ಅಂದರು. ತಾಕತ್ತಿದ್ದರೆ ನಿನ್ನ ಮುಖ ತೋರಿಸೋ ಅಂದರು. ಅವನು ಚಿಕ್ಕದೊಂದು ವಿಡಿಯೋ ಹಾಕಿ, ನಾನು ಹೇಳಿದ್ದು ತಪ್ಪಾಗಿತ್ತು ಅಂದು ಮುಗಿಸಿದ.

ಗೇಮು ಮಾಡಿದವರಿಗೆ ಏನು ಗೊತ್ತು, ನಿನ್ನ ಕಥೆಯೇ ಸರಿಯಾಗಿತ್ತು ಎಂದು ನಾನು ರೇಗಿದೆ. ಅವನು ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ.

"ಗೇಮು ಅವ್ರದು ಕಣಣ್ಣ, ಅವ್ರು ಹೇಳ್ದಂಗೆ. ಆದ್ರೆ ಸುಟ್ಟ ಮುಖ ಅಂದ್ರೆ ಬ್ಯಾರೆ ಏನೂ ತೋಚ್ನೇ ಇಲ್ವಾ ಅವ್ರಿಗೆ?"



ಶಾಸ್ತ್ರದ ಫೋಟೋ ನಮ್ಮದೇ ಸ್ಟುಡಿಯೋಗೆ ಒಪ್ಪಿಸಿದ್ದರು. ಇಬ್ಬರೂ ಬೆಳಿಗ್ಗೆಯೇ ಬಾಬುರಾಯನಕೊಪ್ಪಲಿಗೆ ಹೋದೆವು. ಮೈಸೂರು ರಸ್ತೆಯ ಗಾಡಿಗಳ ಸದ್ದು ಆ ಮನೆಯ ನಡುಮನೆಯವರೆಗೂ ಬರುತ್ತದೆ. ನಾಗಾರ್ಜುನ ಓಲೆಯನ್ನು ಅಕ್ಕನ ಕೈಗೆ ಕೊಟ್ಟು, ಟವಲು ಬಿಗಿಯಾಗಿ ಸುತ್ತಿಕೊಂಡು, ಬಾಗಿಲ ಬಳಿ ಗಂಡಸರ ಹಿಂದೆ ನಿಂತ. ಸಹನ ಅವನ ಕಡೆ ನೋಡಲಾರದೆ ತಲೆ ತಗ್ಗಿಸಿದಳು. ಪುಟ್ಟರಾಜು ಮಣೆ ಮೇಲೆ ಕೂತ. ರೇಷ್ಮೆ ಲಂಗದ ಧನುಶ್ರೀಯನ್ನು ಅವನ ತೊಡೆ ಮೇಲೆ ಕೂರಿಸಿದರು. ಮಗು ಕೊಸರಾಡಿತು. ಇವನಲ್ಲ, ಫೋನ್ ಮಾವ ಬೇಕು ಎಂದು ಕೈಕಾಲು ಬಡಿಯಿತು. ಹೆಂಗಸರು ಲಾಡು ತೋರಿಸಿದರು, ಬಳೆ ತೋರಿಸಿದರು. ಅಳು ಏರುತ್ತಲೇ ಹೋಯಿತು. ಆಚಾರಿ ಆಗಲೇ ಗಂಟುಮೂಟೆ ಕಟ್ಟಿ ಹೊರಡುವ ಮುಖ ಮಾಡಿದ್ದ.

"ಅಳಬ್ಯಾಡ ಕಣವ್ವ ಧನು. ನಾನು ಇಲ್ಲೇ ಇವ್ನಿ."

ತಡೆಯಲಾರದೆ ಬಾಗಿಲ ಬಳಿಯಿಂದ ನಾಗಾರ್ಜುನನೇ ಹೇಳಿಬಿಟ್ಟಿದ್ದ. ಮಗು ತಟ್ಟನೆ ಅಳು ನಿಲ್ಲಿಸಿ ದನಿ ಬಂದ ಕಡೆ ತಿರುಗಿತು. ಪುಟ್ಟರಾಜುವಿನ ತೊಡೆಯಿಂದ ಇಳಿದು ಗಂಡಸರ ಕಾಲುಗಳ ನಡುವೆ ನುಸುಳಿ ಹೋಗಿ, ತಲೆಗೆ ಟವಲು ಸುತ್ತಿ ಕಣ್ಣು ಮಾತ್ರ ಕಾಣುತ್ತಿದ್ದ ಆ ಎತ್ತರದ ಮನುಷ್ಯನ ಮುಂದೆ ನಿಂತು ಮೇಲೆ ನೋಡಿತು.

"ಮಾವ, ಗೋಣಿಯಪ್ಪ ನೀನೇನಾ?"

ಬಂದ ನೆಂಟರಿಗೆ ಆ ಮಾತು ತಿಳಿಯಲಿಲ್ಲ. ನನಗೆ ತಿಳಿಯಿತು. ಹೌದು ಅಂದುಬಿಟ್ಟರೆ ಎಲ್ಲ ಸುಸೂತ್ರ. ಮಗು ಕುಣಿದುಕೊಂಡು ಬಂದು ತೊಡೆ ಏರುತ್ತಿತ್ತು. ಮಾಯಮ್ಮನಿಗೂ ಅಷ್ಟು ಹೊಳೆದಿರಬೇಕು. ಟವಲು ತೆಗೆಯಬೇಡ, ಹಾಗೇ ಬಂದು ಕೂರಿಸಿಕೋ ಎಂದು ಆಕೆ ಮೆಲ್ಲಗೆ ಅಂಗಲಾಚಿದಳು. ಪುಟ್ಟರಾಜು ಮಣೆ ಬಿಟ್ಟೆದ್ದ.

ನಾಗಾರ್ಜುನ ಬಂದು ಮಣೆ ಮೇಲೆ ಕೂತ. ಮಗು ಎದುರಿಗೆ ನಿಂತಿತ್ತು. ಅವನು ಟವಲಿನ ಗಂಟಿಗೆ ಕೈ ಹಾಕಿದ.

"ಅಲ್ಲ ಕಣವ್ವ. ಗೋಣಿಯಪ್ಪ ಕೆಟ್ಟೋನಂತೆ, ನಾನು ನಿಂಗೆ ತಪ್ಪು ಹೇಳ್ಬುಟ್ಟಿದ್ದೆ. ನಾನು ಅವನಲ್ಲ. ನಿಮ್ಮವ್ವನ ತಮ್ಮ ನಾನು. ಮೈಮ್ಯಾಲೆ ಪಾಕ ಬಿದ್ದು ಇಂಗಾಯ್ತು, ಅಷ್ಟೇಯ."

ಟವಲು ತೊಡೆ ಮೇಲೆ ಬಿತ್ತು. ಹಿಂದಿನಿಂದ ಯಾರೋ ಹೆಂಗಸು ಶಿವನೇ ಅಂದರು. ಮಗು ನೋಡಿತು. ಮೊದಲು ಎಳೆದುಕೊಂಡ ಕಣ್ಣು, ಆಮೇಲೆ ಕೆನ್ನೆ, ಆಮೇಲೆ ಕತ್ತು. ತುಟಿ ನಡುಗಿತು. ಅಮ್ಮನ ಕಡೆ ತಿರುಗಿತು, ಸಹನಳ ಕೆನ್ನೆ ಮೇಲೆ ನೀರು ಹರಿಯುತ್ತಿತ್ತು. ಮತ್ತೆ ಅವನ ಕಡೆ ತಿರುಗಿತು. ಅವನು ಮಗುವನ್ನು ಕರೆಯಲಿಲ್ಲ, ಕೈ ಚಾಚಲಿಲ್ಲ. ಸಹನಳೇ ಎತ್ತಿ ಅವನ ತೊಡೆ ಮೇಲೆ ಕೂರಿಸಿದಳು. ಮಗು ಬೆನ್ನು ಸೆಟೆದುಕೊಂಡು ಕೂತಿತು.

ಆಚಾರಿ ತಡಮಾಡಲಿಲ್ಲ. ಬಲಗಿವಿಗೆ ಸೂಜಿ ಇಳಿಯಿತು. ಮಗು ಮನೆ ಹಾರುವಂತೆ ಕಿರುಚಿತು. ಆ ಅಳು ಸೂಜಿಯದೋ ಮುಖದ್ದೋ ಯಾರು ಹೇಳಬಲ್ಲರು? ನಾಗಾರ್ಜುನ ಬಿಳಿಚಿಕೊಂಡಿದ್ದ. ಮಗುವಿನ ಸೊಂಟ ಬಳಸಿದ್ದ ಕೈ ಸಡಿಲ ಮಾಡಿದ, ಹೋಗುವುದಾದರೆ ಹೋಗಲಿ ಅನ್ನುವ ಹಾಗೆ. ಅವನನ್ನು ಹಾಗೆ ನೋಡುವುದು ನನಗೆ ಕಷ್ಟವಾಯಿತು.

ಇಂಥ ಶಾಸ್ತ್ರಗಳ ಫೋಟೋ ತೆಗೆದು ನನ್ನ ತಲೆ ಹಣ್ಣಾಗಿದೆ. ಮೊದಲ ಕಿವಿಗೆ ಮಕ್ಕಳು ಏನೂ ತಿಳಿಯದೆ ಕೂತಿರುತ್ತವೆ. ಎರಡನೆಯದಕ್ಕೆ ಎಲ್ಲ ತಿಳಿದಿರುತ್ತದೆ. ಆಗಲೇ ಅವು ತೊಡೆಯಿಂದ ಹಾರುವುದು, ಅಮ್ಮನ ಕಡೆ ಓಡುವುದು, ಮಾವನನ್ನು ಕಚ್ಚುವುದು. ಆಚಾರಿ ಎಡಗಡೆಗೆ ಬಂದ. ಹಿಡಿದುಕೊಳ್ಳಲು ಮಾಯಮ್ಮ, ಪುಟ್ಟರಾಜು ಇಬ್ಬರೂ ಬಗ್ಗಿದರು.

ಧನುಶ್ರೀ ಬಿಕ್ಕುತ್ತಲೇ ನಾಗಾರ್ಜುನನ ಕಡೆ ಹೊರಳಿತು. ಎರಡು ಕೈಯಲ್ಲೂ ಅವನ ಕತ್ತು ಬಾಚಿ ಹಿಡಿದು, ನೋಯುತ್ತಿದ್ದ ಬಲಗಿವಿಯನ್ನು ಅವನ ಸುಟ್ಟ ಕೆನ್ನೆಗೆ ಒತ್ತಿಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿ, ಎಡಗಿವಿಯನ್ನು ಆಚಾರಿಗೆ ಕೊಟ್ಟಿತು. ಓಲೆ ಹಾಕಿ ಮುಗಿದ ಮೇಲೂ ಅದು ಹಿಡಿತ ಬಿಡಲಿಲ್ಲ. ಮಾಯಮ್ಮ ಆರತಿ ತಟ್ಟೆ ತಂದು, ಮೊದಲು ಮಾವನಿಗೆ, ಆಮೇಲೆ ಮಗುವಿಗೆ ಕುಂಕುಮವಿಟ್ಟಳು.