ಬಾಗಿಲುಗಳ ಮೇಲೆ ಸಿಕ್ಕ ಹಾಜರಿ

ಸಾರ್ವಜನಿಕ ಆರೋಗ್ಯ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ವೈದ್ಯರು, ನರ್ಸುಗಳು, ಸೂಜಿ, ಔಷಧಿ; ಯಾರೂ ಹೋಗಲೊಲ್ಲದ ಊರುಗಳಿಗೆ ಅವರನ್ನು ಕಳಿಸಿ, ಅಲ್ಲಿ ನಿಲ್ಲುವಂತೆ ನೋಡಿಕೊಳ್ಳುವ ಕಡತಗಳ ಕೋಣೆ ಯಾರ ಕಣ್ಣಿಗೂ ಬೀಳುವುದಿಲ್ಲ. ಸಾಲ ಮಾಡಿ ಓದಿದವರು ಅಂಥ ಊರಿನಲ್ಲಿ ಮೂರು ವರ್ಷ ದುಡಿದರೆ ಅವರ ಶಿಕ್ಷಣ ಸಾಲವನ್ನು ಸರ್ಕಾರವೇ ತೀರಿಸುವ ಯೋಜನೆಗೆ ಆ ಕೋಣೆಯಲ್ಲಿ ಕುಳಿತು ಮೂವತ್ತೊಂದು ವರ್ಷ ಜೀವ ತುಂಬಿದವರು, ಇದೀಗ ನಿವೃತ್ತರಾಗುತ್ತಿರುವ ನಮ್ಮ ಹಿರಿಯ ಅಧಿಕಾರಿಗಳು. 'ಯಾಕಮ್ಮಾ?' ಎಂದು ಕೇಳದೆ ಯಾವ ಕಾಗದಕ್ಕೂ ಸಹಿ ಹಾಕದ ಅವರನ್ನು ಇಲಾಖೆಯವರೆಲ್ಲ ಕರೆಯುವುದೇ ಯಾಕಮ್ಮ ಮೇಡಂ ಎಂದು.

ಅವರು ಗುಮಾಸ್ತೆಯಾಗಿ ಸೇರಿದ ವರ್ಷ, ಅರ್ಧದಲ್ಲೇ ಹುದ್ದೆ ಬಿಟ್ಟವರ ಕಡತಗಳು ಬೀರುವಿನಲ್ಲಿ ಧೂಳು ತಿನ್ನುತ್ತಿದ್ದವು. ಸಾಲ ಮತ್ತೆ ತಲೆಯ ಮೇಲೆ ಬೀಳುತ್ತದೆಂದು ಗೊತ್ತಿದ್ದೂ ಇವರೆಲ್ಲ ಓಡಿಹೋದದ್ದು ಯಾಕೆ? ಮೇಡಂ ಒಬ್ಬೊಬ್ಬರಿಗೂ ಪತ್ರ ಬರೆದು ಕೇಳಿದರು. ರಸ್ತೆಯಿಲ್ಲ, ದೀಪವಿಲ್ಲ ಎಂಬ ಉತ್ತರಗಳ ನಡುವೆ ಏಳು ಹೆಣ್ಣುಮಕ್ಕಳು ಒಂದೇ ಮಾತು ಬರೆದಿದ್ದರು: ವಸತಿಗೃಹದ ಬಾಗಿಲಿಗೆ ಒಳಚಿಲಕವಿಲ್ಲ.

"ನಾವು ಆರೋಗ್ಯ ಇಲಾಖೆನೋ, ಬಡಗಿ ಅಂಗಡಿನೋ?" ಎಂದು, ಚಿಲಕ ಹಾಕಿಸಬೇಕೆಂದು ಕೇಳಿದ ಅವರನ್ನು ಮೇಲಧಿಕಾರಿ ಗದರಿದರು.

"ಚಿಲಕ ಬರೋವರೆಗೂ ಬಡಗಿ ಅಂಗಡಿ ಅಂದ್ಕೊಳ್ಳಿ ಸಾರ್."

ಚಿಲಕಗಳು ಬಂದವು, ಓಡಿಹೋಗುವವರು ಕಡಿಮೆಯಾದರು.

ಅವರ ಈ ಗುಣವನ್ನು ತೀರ ಹತ್ತಿರದಿಂದ ಕಂಡವಳು, ಹೊಳೆಯಂಚಿನ ಆರೋಗ್ಯ ಕೇಂದ್ರದ ಒಬ್ಬ ನರ್ಸ್. ಅವಳ ಓದಿನ ಸಾಲಕ್ಕೆ ದರ್ಜಿಯಾದ ಅಪ್ಪ ತನ್ನ ಅಂಗಡಿಯನ್ನೇ ಜಾಮೀನಿಟ್ಟಿದ್ದರು. ಮೂರನೆಯ ವರ್ಷ ಮುಗಿಯುತ್ತ ಬಂದಾಗ ಅವಳ ಕೈಗೊಂದು ನೋಟಿಸು ಬಂತು: ವರ್ಷಕ್ಕೆ ಮೂವತ್ತು ದಿನ ಮೀರಿ ಗೈರಾಗುವಂತಿಲ್ಲ, ನಿಮ್ಮದು ನಲವತ್ತೊಂದು, ಆದ್ದರಿಂದ ಒಪ್ಪಂದವನ್ನು ಏಕೆ ರದ್ದುಮಾಡಬಾರದು? ಅಜ್ಜಿ ಹೇಳುತ್ತಿದ್ದ ಕತೆಯಲ್ಲಿ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯಲ್ಲಿತ್ತು. ತನ್ನ ಮೂರು ವರ್ಷದ ಪ್ರಾಣ ಒಂದು ಹಾಜರಿ ಪುಸ್ತಕದಲ್ಲಿದೆಯೆಂದು ಅವಳಿಗೆ ಆಗಲೇ ತಿಳಿದದ್ದು.

ನೋಟಿಸು ಹಿಡಿದು ಬಂದವಳನ್ನು ಮೇಡಂ ಕುರ್ಚಿಯಲ್ಲಿ ಕೂರಿಸಿದರು.

"ಸಹಿ ಯಾಕಮ್ಮಾ ಹಾಕಿಲ್ಲ?"

"ಮಕ್ಕಳಿಗೆ ಲಸಿಕೆ ಹಾಕೋಕೆ ಬೆಳಿಗ್ಗೆ ಆರರ ದೋಣೀಲಿ ಆಚೆ ದಡಕ್ಕೆ ಹೋಗ್ತಿದ್ದೆ. ಪುಸ್ತಕ ಇರೋ ಬೀರು ತೆಗೆಯೋದು ಹತ್ತಕ್ಕೆ. ಸಂಜೆ ಬಂದ್ರೆ ಬೀಗ."

"ಯಾವ್ಯಾವ ದಿನ ಹೋಗಿದ್ದೆ?"

"ಎಲ್ಲೂ ಬರೆದಿಟ್ಟಿಲ್ಲ ಮೇಡಂ. ಬಾಗಿಲ ಮೇಲೆ ಬರೀತೀವಲ್ಲ, ಅಷ್ಟೇ."

"ಬಾಗಿಲ ಮೇಲಾ?" ಮೇಡಂ ಕನ್ನಡಕ ತೆಗೆದಿಟ್ಟು ಮುಂದಕ್ಕೆ ಬಾಗಿದರು.

ಲಸಿಕೆ ಹಾಕಿದ ಮನೆಯ ಬಾಗಿಲಿಗೆ ಸೀಮೆಸುಣ್ಣದಲ್ಲಿ ತಾರೀಖು, ಮಕ್ಕಳ ಸಂಖ್ಯೆ, ತನ್ನ ಹೆಸರಿನ ಮೊದಲಕ್ಷರ ಬರೆದು ಬರುವುದು ಈ ಕೆಲಸದವರ ರೂಢಿ. ಮರುದಿನವೇ ಮೇಡಂ ಅವಳೊಡನೆ ದೋಣಿ ಹತ್ತಿದರು. ನಲವತ್ತೊಂದರಲ್ಲಿ ಹನ್ನೊಂದು ದಿನಗಳಿಗೆ ಗುರುತು ಸಿಕ್ಕರೆ ಸಾಕಿತ್ತು. ಆದರೆ ಸೀಮೆಸುಣ್ಣ ಶಿಲಾಶಾಸನವಲ್ಲವಷ್ಟೆ. ಎಷ್ಟೋ ಕಡೆ ಮಳೆ ತೊಳೆದಿತ್ತು, ಮಕ್ಕಳ ಬೆನ್ನು ಒರೆಸಿತ್ತು. ಸೂರಿನ ಮರೆಯಲ್ಲಿ ಉಳಿದದ್ದನ್ನೆಲ್ಲ ಹುಡುಕಿ, ಫೋಟೊ ತೆಗೆದು, ಮನೆಯವರ ಸಹಿ ಪಡೆದು ಮಧ್ಯಾಹ್ನದ ಹೊತ್ತಿಗೆ ಸೇರಿದ್ದು ಒಂಬತ್ತು ದಿನ. ಇನ್ನೂ ಎರಡು ಬೇಕಿತ್ತು.

ಕೊನೆಯ ಮನೆಯ ಬಾಗಿಲಿಗೆ ಹೊಸದಾಗಿ ನೀಲಿ ಬಣ್ಣ ಬಳಿದಿದ್ದರು. ನಡುವೆ ಮಾತ್ರ ಅಂಗೈಯಗಲದ ಹಳೆಯ ಮರ, ಅದರ ಮೇಲೆ ಮೂರು ತಾರೀಖು. ಮೂರೂ ಬೇರೆಲ್ಲೂ ಸಿಗದವು.

"ಇಷ್ಟು ಜಾಗ ಯಾಕೆ ಬಿಟ್ರಿ ಅಜ್ಜಿ?" ಮೇಡಂ ಕೇಳಿದರು.

"ಸರ್ಕಾರದ ಬರಹ ತಾಯಿ! ಅಳಿಸಿದ್ರೆ ಜೈಲಿಗೆ ಹಾಕ್ತಾರೆ ಅಂದ ನಮ್ಮ ಅಳಿಯ. ಅವನ ಮಾತು ನಂಬೋ ಹಾಗಿಲ್ಲ, ಆದ್ರೂ ಎಲ್ಲಾದ್ರೂ ನಿಜ ಆಗಿಬಿಟ್ರೆ?"

ಮೇಡಂ ಜಗುಲಿಯ ಮೇಲೆ ಕೂತು ಮನಸಾರೆ ನಕ್ಕರು.

ಮರಳುವ ದೋಣಿಯಲ್ಲಿ ಅವರು ಇನ್ನೊಂದು ಪ್ರಶ್ನೆ ತೆಗೆದರು. "ಸಾಲ ತೀರಿದ ಮೇಲೂ ಇಲ್ಲೇ ಇರ್ತೀಯಾ?"

ಮೇಡಂ ಇನ್ನೂ ವರದಿ ಬರೆದಿಲ್ಲವೆಂಬುದು ನರ್ಸಿಗೆ ನೆನಪಾಯಿತು. ಆದರೂ ಹೇಳಿದಳು, "ಇಲ್ಲ ಮೇಡಂ. ಅಪ್ಪನಿಗೆ ಕಣ್ಣು ಮಂಜಾಗಿದೆ. ಹೋಗ್ತೀನಿ."

"ಹೋಗು ಮಗಳೇ. ಒಪ್ಪಂದ ಮೂರು ವರ್ಷಕ್ಕೆ, ಜೀವಮಾನಕ್ಕಲ್ಲ. ಮುಂದೆ ಬರೋಳಿಗೆ ಈ ಮನೆಗಳನ್ನೆಲ್ಲ ತೋರಿಸಿ ಹೋಗು, ಸಾಕು."

ವರದಿ ಹೋಯಿತು, ಒಪ್ಪಂದ ಉಳಿಯಿತು, ಅಂಗಡಿಯ ಮೇಲಿನ ಜಾಮೀನು ಬಿಡುಗಡೆಯಾಯಿತು. ಊರೂರು ಸುತ್ತುವವರ ದಿನಗಳನ್ನೂ ಹಾಜರಿಯೆಂದೇ ಎಣಿಸಬೇಕೆಂಬ ನಿಯಮ ಬಂದದ್ದು ಆ ನಂತರ. ನರ್ಸ್ ಹೊರಡುವ ಮೊದಲು, ಹೊಸಬಳನ್ನು ಕರೆದುಕೊಂಡು ಒಂದು ವಾರ ಆಚೆ ದಡದ ಮನೆಮನೆಗೂ ನಡೆದಳು.

ಈಗ ನಿವೃತ್ತಿಯ ಹೊಸ್ತಿಲಲ್ಲಿ ನಿಂತಿರುವ ಮೇಡಂ ಸುಮ್ಮನೆ ಕೂರುವ ಜೀವವಲ್ಲ. ಸಾಲ ತೀರಿದ ಮೇಲೂ ಅದೇ ಊರುಗಳಲ್ಲಿ ಉಳಿದುಬಿಟ್ಟವರು ಹದಿನೇಳು ಮಂದಿ ಇದ್ದಾರಂತೆ. ಅವರು ಉಳಿದದ್ದು ಯಾಕೆ ಎಂದು ಒಬ್ಬೊಬ್ಬರ ಮನೆಗೂ ಹೋಗಿ ಕೇಳಿಬರಬೇಕೆಂದು ಬಸ್ಸಿನ ವೇಳಾಪಟ್ಟಿ ತರಿಸಿಕೊಂಡಿದ್ದಾರೆ. ಅವರ ಕಾಲಿಗೆ ಕಸುವೂ ಆಯುಸ್ಸಿಗೆ ಉದ್ದವೂ ಒದಗಲಿ. ಆ ಹದಿನೇಳು ಮಂದಿಯೂ ಹದಿನೇಳು ಬೇರೆ ಬೇರೆ ಉತ್ತರ ಕೊಡಲಿ.