ಸಾರು ಚೆಲ್ಲಿದ ಕೈ

ಹುಮನಾಬಾದಿನ ಒಂದು ಹತ್ತಿ ಗೋದಾಮಿನಲ್ಲಿ ಆ ಚಳಿಗಾಲ ಸಿನಿಮಾ ತೋರಿಸುತ್ತಿದ್ದರು. ಕಿಟಕಿಗಳಿಗೆ ಗೋಣಿತಟ್ಟು ಹೊಡೆದು ಹಗಲನ್ನೇ ಕತ್ತಲು ಮಾಡುತ್ತಿದ್ದರು. ಯಂತ್ರ ಒಂದೇ ಇದ್ದುದರಿಂದ ಒಂದೊಂದು ರೀಲು ಮುಗಿದಾಗಲೂ ಆಟ ನಿಲ್ಲುತ್ತಿತ್ತು. ದೀಪ ಹೊತ್ತಿಕೊಳ್ಳುತ್ತಿತ್ತು, ಹೆಂಗಸರ ಕಡೆಯ ಪರದೆಯನ್ನು ಮತ್ತೆ ಎಳೆಯುತ್ತಿದ್ದರು. ಹೊಸ ರೀಲು ಏರಿಸುವವರೆಗೆ ಜನ ನೋಡಿದಷ್ಟರ ಬಗ್ಗೆ ಜಗಳವಾಡುತ್ತಿದ್ದರು. ಆ ಜಗಳಕ್ಕೆಂದೇ ಎರಡನೇ ಸಲ ಬರುವವರೂ ಇದ್ದರು.

ಅವ್ವನನ್ನು ಅಲ್ಲಿಗೆ ಕರೆದೊಯ್ದವನು ನಾನು. ತಮ್ಮ ಸತ್ತು ಒಂದು ವರ್ಷ ದಾಟಿತ್ತು. ನಮ್ಮೂರು ಬಸವಕಲ್ಯಾಣ, ಆಗ ಕಲ್ಯಾಣಿ ಎನ್ನುತ್ತಿದ್ದರು. ಅಲ್ಲಿ ಅವಳು ಹೊಸ್ತಿಲು ದಾಟುವುದನ್ನೇ ಬಿಟ್ಟಿದ್ದಳು. ಮಗನ ಹೆಣ ಮೇಲೆತ್ತಿದಾಗ ಅವಳ ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲ ಎಂಬ ಮಾತು ಓಣಿಯಲ್ಲಿ ಉಳಿದುಬಿಟ್ಟಿತ್ತು. ಅದು ಅವಳ ಕಿವಿಗೂ ಬಿದ್ದಿತ್ತು. ಹುಮನಾಬಾದಿನ ಸೋದರಮಾವ, "ಅಕ್ಕನ್ನ ಕರ್ಕೊಂಡು ಬಾ, ನಾಕು ದಿನ ಮನಸ್ಸು ಹಗುರಾಗ್ತದ" ಎಂದು ಹೇಳಿ ಕಳಿಸಿದ್ದ. ಸಿನಿಮಾದ ಕಥೆ ಏನೆಂದು ನಾನು ವಿಚಾರಿಸಲಿಲ್ಲ.

ಕಥೆ ಇಷ್ಟು. ಮಗಳ ಮದುವೆಯ ದಿನ ಕಿರಿಯ ಮಗ ಬಾವಿಗೆ ಬಿದ್ದು ಸಾಯುತ್ತಾನೆ. ಮದುವೆ ನಿಲ್ಲಬಾರದೆಂದು ತಾಯಿ ಹೆಣವನ್ನು ಒಳಕೋಣೆಯಲ್ಲಿ ಮಲಗಿಸಿ, ಬಾಗಿಲು ಮುಂದೆ ಮಾಡಿ, ಬೀಗರಿಗೆ ನಗುನಗುತ್ತ ಊಟ ಬಡಿಸುತ್ತಾಳೆ. ಬಡಿಸುವಾಗ ಕೈ ನಡುಗಿ ಸಾರು ಚೆಲ್ಲುತ್ತದೆ. ಅಲ್ಲಿಗೆ ರೀಲು ಮುಗಿಯಿತು.

ದೀಪ ಹೊತ್ತಿದ್ದೇ ತಡ, ನಮ್ಮ ಮುಂದೆ ಕೂತಿದ್ದ ಕಿರಾಣಿ ಅಂಗಡಿಯವರು ಎದ್ದು ನಿಂತರು. "ಇದೇನ್ ಸಿನಿಮಾರಿ? ಮಗ ಒಳಗ ಹೆಣ ಆಗ್ಯಾನ, ಈಕಿ ಹೊರಗ ಸಾರು ಬಡಸಾಕತ್ತಾಳ! ತಾಯಿ ಏನ್ರಿ ಈಕಿ? ನನ್ನ ರೊಕ್ಕ ವಾಪಸ್ ಕೊಡ್ರಿ!"

"ಹಂಗಂತ ನಿನ್ನೆನೂ ಅಂದೀರಿ, ಇವತ್ತ ಮತ್ತ ಬಂದೀರಿ" ಎಂದರು ಯಾರೋ. ಜನ ನಕ್ಕರು.

ಹೆಂಗಸರ ಪರದೆಯ ಆ ಕಡೆ ಅವ್ವನ ಜೊತೆ ಕೂತಿದ್ದ ಅತ್ತೆಯ, ಅಂದರೆ ಮಾವನ ಹೆಂಡತಿಯ, ಅಳುಬುರುಕ ದನಿ ಬಂತು. "ಕೈ ನಡುಗಿದ್ದು ನೋಡ್ಲಿಲ್ಲೇನ್ರಿ? ಅಷ್ಟರಾಗ ಎಲ್ಲಾ ಬಂತು. ಎಷ್ಟ್ ಛಲೋ ಮಾಡ್ಯಾಳ!"

ನನ್ನ ಪಕ್ಕದಲ್ಲಿದ್ದ ಮಾವ ಕೂತಲ್ಲಿಂದಲೇ ಕೂಗಿದ. "ಏ, ನಿನಗ ಈರುಳ್ಳಿ ಹೆಚ್ಚಿದ್ರೂ ಅಳು ಬರ್ತದ! ಹೆತ್ತಾಕಿ ಎದಿ ಬಡ್ಕೊಂಡು ಅಳಬೇಕು. ಅಳದಾಕಿ ಎಂಥಾ ತಾಯಿ?"

ಅಂದ ಮೇಲೆ ಅವನಿಗೆ ನೆನಪಾಯಿತು. ನನ್ನ ಮುಖ ನೋಡಿ ತಲೆ ತಗ್ಗಿಸಿದ. ನಾನು ಹೆಂಗಸರ ಕಡೆಯ ಪರದೆಯನ್ನೇ ನೋಡುತ್ತಿದ್ದೆ. ಅವ್ವ ಎದ್ದು ಹೋಗುತ್ತಾಳೆ, ಇನ್ನೆಂದೂ ಮನೆಯಿಂದ ಹೊರಬೀಳುವುದಿಲ್ಲ ಎಂದುಕೊಂಡೆ.

"ಕೈ ನಡಗಂಗಿಲ್ರಿ."

ಅವಳ ದನಿಯೇ. ಜೋರಾಗಿರಲಿಲ್ಲ.

"ನಡಗಿದ್ರ ಬಂದವರಿಗೆ ತಿಳೀತದ. ಆ ಹೊತ್ತಿನ್ಯಾಗ ರೊಟ್ಟಿ ಹರಿಯಂಗಿಲ್ಲ, ಸೀಯಂಗಿಲ್ಲ. ಎಲ್ಲಾ ದುಂಡಗ ಬರ್ತಾವ."

"ನಿಮಗ ಹ್ಯಾಂಗ ಗೊತ್ತವ್ವಾ?" ಎಂದರು ಅಂಗಡಿಯವರು ನಗುತ್ತ. ದೀಪ ಆರಿತು. ಆಮೇಲೆ ಸಿನಿಮಾದಲ್ಲಿ ಏನು ನಡೆಯಿತೋ ನಾನು ನೋಡಲಿಲ್ಲ. ನನ್ನ ಕಣ್ಣ ಮುಂದೆ ನಮ್ಮ ಅಂಗಳವಿತ್ತು.

ಅದು ನಮ್ಮ ಸಂಸ್ಥಾನ ಭಾರತಕ್ಕೆ ಸೇರಬೇಕೋ ಬೇಡವೋ ಎಂಬ ಗಲಾಟೆಯ ವರ್ಷದ ಮಳೆಗಾಲ. ಹೈದರಾಬಾದಿನಲ್ಲಿ ಕಾಲೇಜು ಮುಚ್ಚಿದ್ದರಿಂದ ನಾನು ಊರಿಗೆ ಬಂದಿದ್ದೆ. ಶಾಲೆಯ ಬೇವಿನಮರಕ್ಕೆ ಭಾರತದ ಬಾವುಟ ಕಟ್ಟಿದ ಹುಡುಗರನ್ನು ಸಂಸ್ಥಾನದ ಕಡೆಯ ಬಂದೂಕಿನವರು ಹುಡುಕುತ್ತಿದ್ದರು. ಅವರಲ್ಲಿ ತಮ್ಮನೂ ಒಬ್ಬ. ಗೋಡೆಯಾಚೆಯ ಮುಸ್ಲಿಮರ ಮನೆಯ ಖಾಲಾ ಇಣುಕಿ, "ಬೇಟಾ, ಓಣಿಗೆ ಬಂದಾರ, ತಮ್ಮನ್ನ ಮುಚ್ಚಿಡು" ಎಂದು ಹೇಳಿ ಮರೆಯಾದಳು.

ಅಂಗಳದಲ್ಲಿ ಜೋಳ ತುಂಬಿಡುವ ನೆಲದೊಳಗಿನ ಹಗೇವಿತ್ತು. ಅದರೊಳಗೆ ಕೆಟ್ಟ ಗಾಳಿ ಕೂಡುತ್ತದೆ. ಇಳಿಯುವ ಮೊದಲು ಬಾಯಿ ತೆರೆದಿಟ್ಟು, ಹಚ್ಚಿದ ಕಂದೀಲನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು ನೋಡಬೇಕು. ದೀಪ ಆರಿದರೆ ಇಳಿಯಬಾರದು. ಇದು ನಮ್ಮಲ್ಲಿ ಓದು ಬಾರದವರಿಗೂ ಗೊತ್ತು. ದೀಪ ಯಾಕೆ ಆರುತ್ತದೆ ಎಂಬುದನ್ನು ನಾನು ಕಾಲೇಜಿನಲ್ಲಿ ಕಲಿತಿದ್ದೆ. "ಮೊನ್ನೆ ತೆಗದೀವಲ್ಲ, ಏನೂ ಆಗಂಗಿಲ್ಲ, ಇಳಿ" ಎಂದೆ. ಅವನು ಇಳಿದ. ಒಮ್ಮೆ ಕೆಮ್ಮಿದ. ಜೋಳದ ದೂಳು ಎಂದುಕೊಂಡು ಹಗೇವಿನ ಬಾಯಿಗೆ ಹಾಸುಗಲ್ಲು ಎಳೆದೆ.

ಅವ್ವ ಆ ಕಲ್ಲಿನ ಮೇಲೆಯೇ ಕೂತು, ಪಕ್ಕದಲ್ಲಿ ಮೂರು ಕಲ್ಲಿನ ಒಲೆ ಹೂಡಿ ರೊಟ್ಟಿಯ ಹಂಚು ಇಟ್ಟಳು. ಬಂದವರು ನಾಲ್ವರು. ನಾನು ಕಾಲೇಜಿನ ಚೀಟಿ ತೋರಿಸಿ ಉರ್ದುವಿನಲ್ಲಿ ಮಾತಾಡಿದೆ. ನನ್ನ ಉರ್ದು ಕೇಳಿ ಒಬ್ಬ ಮೆಚ್ಚಿಕೊಂಡ. ಹಸಿವಾಗಿದೆ ಎಂದು ಅಲ್ಲೇ ಕೂತರು. ಅವ್ವ ರೊಟ್ಟಿ ಬಡಿದಳು, ಹಾಕಿದಳು, ಮತ್ತೆ ಬಡಿದಳು. ಬಂದೂಕಿನ ನಳಿಗೆ ನನ್ನ ಮೊಣಕಾಲಿಗೆ ತಾಕುತ್ತಿತ್ತು. ಇವರು ಬೇಗ ಎದ್ದು ಹೋಗಲಿ ಎಂದು ನಾನೇ ಚಟ್ನಿ ಬಡಿಸಿದೆ. ಒಂದು ರೊಟ್ಟಿಯೂ ಹರಿಯಲಿಲ್ಲ. ಅವರು ಓಣಿಯ ತಿರುವು ದಾಟಿದ ಮೇಲೆ ಕಲ್ಲು ಸರಿಸಿದೆವು.

ಸಿನಿಮಾ ಬಿಟ್ಟಾಗ ಹೊರಗೆ ಇನ್ನೂ ಬಿಸಿಲಿತ್ತು. ಮಾವ, ಅತ್ತೆ ಮುಂದೆ ನಡೆದರು. ನಾನು ಅವ್ವನ ಜೊತೆ ಹಿಂದುಳಿದೆ. ಒಂದು ವರ್ಷ ನುಂಗಿಕೊಂಡದ್ದು ಆ ದಾರಿಯಲ್ಲಿ ಬಾಯಿಗೆ ಬಂತು.

"ಅವ್ವಾ, ಅವತ್ತ ನಾ ಕಂದೀಲು ಇಳಿಬಿಡಲಿಲ್ಲ."

ಅವಳು ನಿಲ್ಲಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ಗೊತ್ತದ ಮಗಾ. ಕಂದೀಲು ಗೂಡಿನ್ಯಾಗ ಇತ್ತು, ನಾ ನೋಡೀನಿ. ಹೇಳಬೇಕಂತ ಬಾಯಿ ತೆಗದೆ. ಅಷ್ಟರಾಗ ಬಾಗಲಾ ಬಡದ್ರು." ನಾಲ್ಕು ಹೆಜ್ಜೆ ನಡೆದು ಮತ್ತೆ ಅಂದಳು, "ನಾ ಅತ್ತಿದ್ರ ಕಂದೀಲಿನ ಮಾತೂ ಬಾಯಿಗೆ ಬರ್ತಿತ್ತು. ಓಣಿ ಮಂದಿ ಕೇಳ್ತಿದ್ರು. ನೀ ಹ್ಯಾಂಗ ಬದುಕ್ತಿದ್ದಿ?"

ಮುಂದೆ ಮಾವ ಅತ್ತೆಗೆ ಕೈ ತಿರುಗಿಸಿ ಹೇಳುತ್ತಿದ್ದ, ಸಿನಿಮಾ ದಂಡ, ಆ ತಾಯಿ ಸುಳ್ಳು ಎಂದು. ಅತ್ತೆ ಒಪ್ಪುತ್ತಿರಲಿಲ್ಲ.