ಕಪ್ಪೆಯ ಮೆದುಳಿಗೆ ಅವ್ವ ಕೊರೆದ ಎರಡು ತೂತು

ಅದು 1981. ನಾನು ತೆಲುಗು ನಾಡಿನ ಆದೋನಿಯಲ್ಲಿ ಇಂಟರ್, ಅಂದರೆ ಪಿಯುಸಿ, ಎರಡನೇ ವರ್ಷ ಓದುತ್ತಿದ್ದೆ. ಪೆದ್ದಹರಿವಾಣದ ನಮ್ಮ ಓಣಿಯಿಂದ ಬಸ್ಸು ಹತ್ತಿ ಕಾಲೇಜಿಗೆ ಹೋದ ಮೊದಲ ಹುಡುಗಿ ನಾನೇ. ಅದರ ಜಂಬ ನನಗೆ ತುಸು ಹೆಚ್ಚೇ ಇತ್ತು. ಮೂರು ದಿನ ಕೂತು ಪ್ರಾಣಿಶಾಸ್ತ್ರದ ರೆಕಾರ್ಡಿಗೆ ಕಪ್ಪೆಯ ಮೆದುಳಿನ ಚಿತ್ರ ಬರೆದಿದ್ದೆ. ಅದನ್ನು ಯಾರೂ ಮುಟ್ಟಕೂಡದೆಂದು ಮನೆಯವರಿಗೆಲ್ಲ ತಾಕೀತು ಮಾಡಿದ್ದೆ.

ನಮ್ಮದು ಕುರಿ ಸಾಕಿ ಕಂಬಳಿ ಮಾಡುವ ಮನೆ. ಅವ್ವ ನೂಲುತ್ತಿದ್ದಳು, ಅಪ್ಪ ನೇಯುತ್ತಿದ್ದ. ಆ ವರ್ಷ ಆಲೂರಿನ ಕಡೆಯ ಹಳ್ಳಿಯೊಂದರ ಯಜಮಾನರು ದೇವರ ಗದ್ದಿಗೆಗೆ ಎರಡು ಕಂಬಳಿ ಹೇಳಿದ್ದರು. ಒಂದು ಕರಿಯದು, ಒಂದು ಬಿಳಿಯದು. ಎರಡಕ್ಕೂ ನಡುವೆ ಬೂದು ಬಣ್ಣದ ಪಟ್ಟೆ. ದೇವರ ಕಂಬಳಿಗೆ ಒಂದೇ ಹಿಂಡಿನ ಉಣ್ಣೆ ಆಗಬೇಕು, ಸಂತೆಯ ಉಣ್ಣೆ ಬೆರೆಸುವಂತಿಲ್ಲ ಎಂಬುದು ಅವರ ಕಟ್ಟಳೆ. ನಮ್ಮ ಹಿಂಡಿನಲ್ಲಿದ್ದುದು ಒಂದೇ ಬೂದು ಟಗರು. ಪಟ್ಟೆಗಳಿಗೆ ಅವ್ವ ಅದರ ಉಣ್ಣೆಯನ್ನೇ ನೂತಿದ್ದಳು.

ಯಜಮಾನರು ಇಬ್ಬರನ್ನು ಕರೆದುಕೊಂಡು ಬಂದರು. ಅಂಗಳದಲ್ಲಿ ಕಂಬಳಿಗಳನ್ನು ಪಕ್ಕಪಕ್ಕ ಹಾಸಿದೆವು. ನೋಡುತ್ತಿದ್ದಂತೆ ಯಜಮಾನರ ಮುಖ ಬಿಗಿದುಕೊಂಡಿತು.

"ಈ ಪಟ್ಟಿ ಬೆಳ್ಳಗೈತಿ, ಆ ಪಟ್ಟಿ ಕಪ್ಪಗೈತಿ. ಸಂತಿ ಉಣ್ಣಿ ಬೆರಸೀರಿ. ಇದು ದೇವರಿಗೆ ಬರಂಗಿಲ್ಲ," ಎಂದರು.

ನಾನೂ ನೋಡಿದೆ. ಕರಿ ಕಂಬಳಿಯ ಪಟ್ಟೆ ನಿಜಕ್ಕೂ ಬೆಳ್ಳಗೆ ಕಾಣುತ್ತಿತ್ತು, ಬಿಳಿ ಕಂಬಳಿಯದು ಕಪ್ಪಗೆ. ಅವ್ವ ನೂಲುವಾಗ ಅಪ್ಪ ಕುರಿಗಳ ಜೊತೆ ಅಡವಿಯಲ್ಲಿದ್ದ. ಅವನು ತಿರುಗಿ ಅವ್ವನ ಮುಖ ನೋಡಿದ. ನಾನಂತೂ ಉಣ್ಣೆ ಸಾಲದೆ ಇವಳು ಸಂತೆಯಲ್ಲಿ ತಂದೇ ಬಿಟ್ಟಿದ್ದಾಳೆ ಎಂದು ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟೆ. ದೇವರಿಗೆ ಮೋಸ ಮಾಡಿದಾಕೆ ಎಂಬ ಮಾತು ಒಮ್ಮೆ ಹುಟ್ಟಿದರೆ ಸುತ್ತಿನ ಹಳ್ಳಿಗಳಲ್ಲಿ ಅವ್ವ ತಲೆ ಎತ್ತುವಂತಿರಲಿಲ್ಲ.

ದೇವರ ಅರಿಶಿನದ ಭಂಡಾರ ಮುಟ್ಟಿ ಆಣೆ ಮಾಡು ಎಂದರು ಯಜಮಾನರು. ಅವ್ವ ಕೈ ಮುಂದೆ ಮಾಡಲಿಲ್ಲ.

"ಆಣಿ ಯಾಕ್ರಿ ಯಜಮಾನ್ರ? ಕಣ್ಣಿಂದ ಬಂದ ಅನುಮಾನ ಕಣ್ಣಿಂದನ ಹೋಗ್ಲಿ," ಎಂದಳು.

ಉಣ್ಣೆ ಆರಿಸುವಾಗ ಅವ್ವನಿಗೊಂದು ಅಭ್ಯಾಸವಿತ್ತು. ಮುಷ್ಟಿಯನ್ನು ಕೊಳವೆಯಂತೆ ಮಾಡಿ ಒಂದು ಕಣ್ಣಿಗೆ ಹಿಡಿದು ನೋಡುತ್ತಿದ್ದಳು. ಅದನ್ನು ಕಂಡು ನಾವು ಮಕ್ಕಳು ಬಹಳ ನಗುತ್ತಿದ್ದೆವು. ಪಟ್ಟೆಗಳನ್ನು ಹಾಗೆ ನೋಡಿ ಎಂದು ಯಜಮಾನರಿಗೂ ಹೇಳಿದಳು. ಅವರು ನೋಡಿದರು. ಒಂದನ್ನು ನೋಡಿ ಇನ್ನೊಂದಕ್ಕೆ ಬರುವಷ್ಟರಲ್ಲಿ ಮೊದಲಿನದು ಮರೆತು ಹೋಗುತ್ತದೆ, ಇದನ್ನು ಒಪ್ಪುವುದಿಲ್ಲ ಎಂದರು.

ಅವ್ವ ಒಳಗೆ ಹೋಗಿ ನನ್ನ ರೆಕಾರ್ಡಿನ ದಪ್ಪ ಹಾಳೆಯನ್ನು ತಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಉಣ್ಣೆ ಕತ್ತರಿ ಕಪ್ಪೆಯ ಮೆದುಳಿನೊಳಗೆ ಇಳಿದಿತ್ತು. ಎರಡು ತೂತು ಕೊರೆದಳು. ಕಂಬಳಿಗಳನ್ನು ಮಡಿಚಿ ಎರಡೂ ಪಟ್ಟೆಗಳನ್ನು ಹತ್ತಿರ ತಂದು ಮೇಲೆ ಹಾಳೆ ಇಟ್ಟಳು. ಕರಿ, ಬಿಳಿ ಎಲ್ಲ ಮುಚ್ಚಿ ಹೋಗಿ ತೂತುಗಳಲ್ಲಿ ಬರೀ ಪಟ್ಟೆ ಉಳಿಯಿತು. ಎರಡೂ ಒಂದೇ ಬಣ್ಣ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಯಜಮಾನರು ತಾವೇ ಹಾಳೆ ಎತ್ತಿದರು. ಮತ್ತೆ ಎರಡು ಬಣ್ಣ. ಇಟ್ಟರು, ಒಂದೇ ಬಣ್ಣ. ಹೀಗೆ ಮೂರು ಸಲ ಮಾಡಿ, "ಹಂಗಾದ್ರ ನನ್ನ ಕಣ್ಣು ಸುಳ್ಳು ಹೇಳತೈತೇನವ್ವಾ?" ಎಂದು ಮೆಲ್ಲಗೆ ಕೇಳಿದರು.

"ಸುಳ್ಳಲ್ರಿ. ಕರಿ ಮಗ್ಗಲಾಗ ಬೂದಿ ಬೆಳ್ಳಗ ಕಾಣತೈತಿ, ಬಿಳಿ ಮಗ್ಗಲಾಗ ಕಪ್ಪಗ. ನೂಲಾಕಿಗೆ ಗೊತ್ತಿರತೈತಿ."

ಕಂಬಳಿ ಒಯ್ಯುವಾಗ ನೇಯ್ದವನ ಹಣೆಗೆ ಮೊದಲು ಭಂಡಾರ ಹಚ್ಚುವುದು ಪದ್ಧತಿ. ಅಂದು ಯಜಮಾನರು ಅಪ್ಪನನ್ನು ದಾಟಿ ಬಂದು ಅವ್ವನ ಮುಂದೆ ಭಂಡಾರದ ಚೀಲ ಹಿಡಿದರು. ಅಪ್ಪನಿಗೇ ಎಲ್ಲರಿಗಿಂತ ಹೆಚ್ಚು ಖುಷಿಯಾಗಿತ್ತು.

ತೂತು ಬಿದ್ದ ಚಿತ್ರ ಕಂಡು ಲೆಕ್ಚರರು ಬೈದರು. ನಡೆದದ್ದನ್ನೆಲ್ಲ ಹೇಳಿದೆ. ಅವರು ಬೈಗುಳ ನಿಲ್ಲಿಸಿ, ಇಡೀ ಕ್ಲಾಸಿನ ಎದುರು ಕಪ್ಪು ಬಿಳಿ ಕಾಗದಗಳ ಮೇಲೆ ಬೂದು ಪಟ್ಟಿ ಇಟ್ಟು ಅದನ್ನು ಮಾಡಿ ತೋರಿಸಲು ಹೇಳಿದರು. ನಮ್ಮ ಮೆದುಳಿನ ಹಿಂಭಾಗದಲ್ಲಿ ನೋಟಕ್ಕೆಂದೇ ಜೀವಕೋಶಗಳಿವೆ, ಅವು ತಮ್ಮ ಎದುರಿನದನ್ನಷ್ಟೇ ನೋಡಿ ಉತ್ತರ ಕೊಡುವುದಿಲ್ಲ, ಅದರ ಸುತ್ತ ಏನಿದೆ ಎಂಬುದರ ಮೇಲೆ ಅವುಗಳ ಉತ್ತರ ಹೆಚ್ಚುಕಡಿಮೆ ಆಗುತ್ತದೆ ಎಂದು ವಿವರಿಸಿದರು. ಆಮೇಲೆ ನಿಮ್ಮ ತಾಯಿ ಎಲ್ಲಿಯವರೆಗೆ ಓದಿದ್ದಾರೆ ಎಂದು ತೆಲುಗಿನಲ್ಲಿ ಕೇಳಿದರು. ಹೆಬ್ಬೆಟ್ಟು ಸರ್, ಎಂದೆ. ಆ ಮಾತನ್ನು ಅಷ್ಟು ಎದೆ ಉಬ್ಬಿಸಿ ಹೇಳಿದ್ದು ಅದೇ ಮೊದಲು.

ಸಂಜೆ ಅವ್ವನಿಗೆ ಎಲ್ಲದರ ವರದಿ ಒಪ್ಪಿಸಿದೆ. "ಅಷ್ಟು ತಿಳಿಯಾಕ ಅವ್ರು ಎಷ್ಟು ವರ್ಷ ಓದ್ಯಾರ?" ಎಂದಳು, ನೂಲುವ ಕದಿರು ನಿಲ್ಲಿಸದೆ.

ಆಮೇಲೆ ನಾನೂ ಟೀಚರಾದೆ. ಪ್ರತಿ ವರ್ಷ ಮಕ್ಕಳಿಗೆ ಆ ಹಾಳೆ ತೋರಿಸಿ ನಮ್ಮವ್ವ ಕೊರೆದದ್ದು ಎಂದು ಹೇಳುತ್ತಿದ್ದೆ. ಕಾಲೇಜಿನ ಜಂಬ ಯಾವತ್ತೋ ಇಳಿದಿದೆ, ಈ ಜಂಬ ಇಳಿದಿಲ್ಲ. ಒಂದು ಮಾತು ಮಾತ್ರ ಬಹಳ ದಿನ ಹೊಟ್ಟೆಯಲ್ಲೇ ಇತ್ತು. ನನ್ನ ಮದುವೆಯ ಹಿಂದಿನ ದಿನ, ಅವತ್ತು ನಾನೂ ನಿನ್ನನ್ನು ನಂಬಿರಲಿಲ್ಲ ಅವ್ವಾ, ಎಂದು ಹೇಳಿಬಿಟ್ಟೆ.

ಅವ್ವ ನಕ್ಕಳು. "ಗೊತ್ತೈತಿ ಬಿಡು. ನಿನ್ನ ಮಾರಿ ನೋಡೇ ನಿನ್ನ ಹಾಳಿಗೆ ಕತ್ತರಿ ಹಾಕಿದ್ದು."